ಒಂದೇ ಎಂಜಿನ್, ನಾಲ್ಕು ಡಿಸ್ಟ್ರಿಬ್ಯೂಟರ್ ಗೇರ್

ನನ್ನ ಗ್ಯಾರೇಜಿನ ಮೇಜಿನ ಮೇಲೆ ಸವೆದ ಗೇರ್‌ಗಳು ಸಾಲಾಗಿ ಕೂತಿವೆ. ಒಂದೊಂದೂ ನಿಂಬೆಹಣ್ಣಿನ ಗಾತ್ರ. ಮೊದಲನೆಯದನ್ನು ಹುಷಾರಾಗಿ ಹಿಡಿಯಬೇಕು, ಹಲ್ಲಿನ ಅಂಚು ಬೆರಳು ಕೊಯ್ಯುವಷ್ಟು ತೆಳ್ಳಗಾಗಿದೆ. ಎಂಜಿನ್ ಹೊಸದಾಗಿ ಕಟ್ಟಿದ ಮೇಲೆ ಅದು ಓಡಿದ್ದು ಬರೀ 640 ಮೈಲಿ.

ಕಾರು 1972ರ ಶೆವ್ರೊಲೆ ನೋವಾ. ಎಂಜಿನ್ 350 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ 5.7 ಲೀಟರ್. ನಾನಿರುವುದು ಡೆಟ್ರಾಯಿಟ್ ಪಕ್ಕದ ಊರಲ್ಲಿ. ಇಲ್ಲಿ ಹಳೇ ಕಾರು ಸಾಕುವವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿದೆ. ಕ್ಯಾಮ್ ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆಸುವ ಶಾಫ್ಟ್. ಹಳೇ ಫ್ಲಾಟ್ ಟ್ಯಾಪೆಟ್ ಕ್ಯಾಮ್ ತೆಗೆದು ಉಜ್ಜಾಟ ಕಡಿಮೆ ಇರುವ ಉಕ್ಕಿನ ರೋಲರ್ ಕ್ಯಾಮ್ ಕೂರಿಸಿದೆ. ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಚೆನ್ನಾಗಿಯೇ ಇತ್ತು, ಹಾಗಾಗಿ ಹಳೇದನ್ನೇ ಮತ್ತೆ ಹಾಕಿದೆ. ಅದರ ಜೊತೆ ಅದರ ಹಳೇ ಗೇರೂ ಒಳಗೆ ಹೋಯಿತು.

ಮುಂದಿನದು ಅರ್ಥವಾಗಬೇಕಾದರೆ ಈ ಗೇರ್ ಎಲ್ಲಿದೆ ಅಂತ ಗೊತ್ತಿರಬೇಕು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲುತ್ತದೆ. ಕ್ಯಾಮ್‌ಶಾಫ್ಟಿನ ಹಿಂತುದಿಯಲ್ಲಿ ಓರೆ ಹಲ್ಲಿನ ಗೇರ್ ಇದೆ, 13 ಹಲ್ಲು. ಡಿಸ್ಟ್ರಿಬ್ಯೂಟರಿನ ಗೇರಿಗೂ 13 ಹಲ್ಲು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಇವೆರಡೂ ಒಂದು ಸುತ್ತು. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕೆಳತುದಿ ಒಂದು ಉದ್ದನೆಯ ಕಡ್ಡಿಯನ್ನು ತಿರುಗಿಸುತ್ತದೆ. ಆ ಕಡ್ಡಿ ಕೆಳಗಿರುವ ಆಯಿಲ್ ಪಂಪನ್ನು ತಿರುಗಿಸುತ್ತದೆ. ಡಿಸ್ಟ್ರಿಬ್ಯೂಟರಿನ ಮೇಲ್ತುದಿಯಲ್ಲಿ ಸುತ್ತುತ್ತಾ ಕಿಡಿ ಹಂಚುವ ರೋಟರ್ ತಿರುಗಿಸಲು ಬಲವೇ ಬೇಡ, ಎರಡು ಬೆರಳು ಸಾಕು. ಇಡೀ ಭಾರ ಪಂಪಿನದು. ಹೆಸರಿಗೆ ಡಿಸ್ಟ್ರಿಬ್ಯೂಟರ್ ಗೇರ್, ಕೆಲಸಕ್ಕೆ ಆಯಿಲ್ ಪಂಪ್ ಗೇರ್. ಇದು ನನ್ನ ತಲೆಗೆ ಹೋಗಲು ಎರಡು ಗೇರ್ ಬಲಿಯಾದವು.

ಮೊದಲನೆಯದು ಬೀಡು ಕಬ್ಬಿಣದ ಗೇರ್. ಹಳೇ ಕ್ಯಾಮ್ ಕೂಡ ಬೀಡಿನದೇ, ಆದ್ದರಿಂದ ಅದರ ಜೊತೆ ಈ ಗೇರ್ ವರ್ಷಗಟ್ಟಲೆ ಓಡಿತ್ತು. ಉಕ್ಕಿನ ಕ್ಯಾಮ್ ಮುಂದೆ ಅದರ ಆಟ ನಡೆಯಲಿಲ್ಲ. ಶುರುವಾಗಿದ್ದು ಟೈಮಿಂಗಿನಿಂದ, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟಲು ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಅನ್ನುವುದರಿಂದ. ಐಡಲಿನಲ್ಲಿ 12 ಡಿಗ್ರಿಗೆ ಇಟ್ಟಿದ್ದೆ. ಕೆಲವು ವಾರದಲ್ಲಿ ಅದು 6ಕ್ಕೆ ಇಳಿದಿತ್ತು. ಬೋಲ್ಟ್ ಸಡಿಲವಾಗಿರಬೇಕು ಅಂತ ಮತ್ತೆ ಸರಿ ಮಾಡಿ ಬಿಗಿದೆ. ಆಮೇಲೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ಹಿಡಿದರೆ ಗುರುತು ಒಂದು ಕಡೆ ನಿಲ್ಲದೆ ಅತ್ತಿತ್ತ ಕುಣಿಯುತ್ತಿತ್ತು. ಡಿಸ್ಟ್ರಿಬ್ಯೂಟರ್ ಎತ್ತಿ ನೋಡಿದೆ. ಹಲ್ಲುಗಳು ಅರ್ಧಕ್ಕರ್ಧ ಹೋಗಿದ್ದವು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಪ್ಪು ಕೆಸರು. ಆ ಪುಡಿಯೆಲ್ಲ ಹೊಸ ಬೇರಿಂಗ್ ಇರುವ ಎಂಜಿನ್ನಿನಲ್ಲೇ ಸುತ್ತಾಡಿತ್ತಲ್ಲ ಅನ್ನುವುದೇ ಹೆಚ್ಚು ಸಂಕಟವಾಯಿತು. ಡಿಸ್ಟ್ರಿಬ್ಯೂಟರ್ ತೂತಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ಕ್ಯಾಮಿನ ಹಲ್ಲು ನೋಡಿದೆ. ಪುಣ್ಯಕ್ಕೆ ಅದಕ್ಕೆ ಏನೂ ಆಗಿರಲಿಲ್ಲ, ಸ್ವಲ್ಪ ಹೊಳಪು ಬಂದಿತ್ತು ಅಷ್ಟೇ. ಕ್ಯಾಮ್ ಜೊತೆ ಬಂದಿದ್ದ ಚೀಟಿ ಹುಡುಕಿ ತೆಗೆದೆ. ಮಾಮೂಲಿ ಬೀಡಿನ ಗೇರ್ ಬೇಡ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಎರಡನೆಯದು ಕಂಚಿನ ಗೇರ್. ಉಕ್ಕಿನ ಕ್ಯಾಮ್ ಇರುವವರಿಗೆ ರೇಸಿನವರು ಮೊದಲು ಹೇಳುವುದು ಇದನ್ನೇ. ಕಂಚು ಮೆತ್ತಗಿನ ಲೋಹ. ಯಾವುದಾದರೂ ಒಂದು ಸವೆಯಲೇಬೇಕಾದರೆ ಗೇರ್ ಸವೆಯಲಿ, ಕ್ಯಾಮ್ ಉಳಿಯಲಿ ಅನ್ನುವ ಲೆಕ್ಕ. ಇದರ ಕಣ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಹಾಗಾಗಿ ಆಯಿಲ್ ಬದಲಿಸುವಾಗ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಬೇಕು. 1,900 ಮೈಲಿಗೆ ಕತ್ತರಿಸಿದೆ. ಮಡಿಕೆಗಳ ತುಂಬ ಚಿನ್ನದ ಪುಡಿ ಉದುರಿಸಿದ ಹಾಗಿತ್ತು. ಕಂಚು ಸವೆಯುತ್ತದೆ ಅಂತ ಗೊತ್ತಿತ್ತು. ಆದರೆ ಇಷ್ಟು ಬೇಗ?

ಆಗ ಗೇರ್ ಬಿಟ್ಟು ಬೇರೆ ಕಡೆ ನೋಡಿದೆ. ಎಂಜಿನ್ ಕಟ್ಟುವಾಗ "ಹೈ ವಾಲ್ಯೂಮ್ ಪಂಪ್ ಹಾಕಿ, ಸೇಫ್" ಅಂದಿದ್ದರು, ಮಾಮೂಲಿಗಿಂತ ಹೆಚ್ಚು ಆಯಿಲ್ ತಳ್ಳುವ ಆ ಪಂಪನ್ನೇ ಹಾಕಿದ್ದೆ. ಆಯಿಲ್ 20ಡಬ್ಲ್ಯು-50, ಗಟ್ಟಿ ಜಾತಿಯದು. ಏಪ್ರಿಲ್ ಬೆಳಿಗ್ಗೆ ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ. ಆ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಶರ್ ಗೇಜಿನ ಮುಳ್ಳು 85 ಪಿಎಸ್‌ಐ ಮುಟ್ಟುತ್ತಿತ್ತು. ಅದನ್ನು ನೋಡಿ ನಾನು ಖುಷಿಪಡುತ್ತಿದ್ದೆ. ಜೇನಿನಂತೆ ಗಟ್ಟಿಯಾದ ಆಯಿಲನ್ನು ದೊಡ್ಡ ಪಂಪ್ ತಳ್ಳುವಾಗ ಆ ಭಾರ ಹೊರುವುದು ಯಾರು? ಇದೇ ನಿಂಬೆಹಣ್ಣಿನ ಗಾತ್ರದ ಗೇರಿನ ಒಂದೆರಡು ಹಲ್ಲು. ಬೀದಿಯಲ್ಲಿ ಓಡುವ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೇ ಲೆಕ್ಕ. ನನ್ನ ಎಂಜಿನ್ನಿಗೆ ಅದು ಧಾರಾಳ.

ಎಂಜಿನ್ ಸ್ವಲ್ಪ ಎತ್ತಿ, ಆಯಿಲ್ ಪ್ಯಾನ್ ಇಳಿಸಿ, ಮಾಮೂಲಿ ಅಳತೆಯ ಪಂಪ್ ಹಾಕಿದೆ. ಆಯಿಲಿನಲ್ಲಿ ತೆಳ್ಳಗಿನ 10ಡಬ್ಲ್ಯು-30ಕ್ಕೆ ಬಂದೆ. ಅದೇ ಕೈಯಲ್ಲಿ ಇನ್ನೂ ಎರಡು ಕೆಲಸ ಮಾಡಿದೆ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಮೇಲೆ ಕೆಳಗೆ ಜಾಸ್ತಿ ಆಡುತ್ತಿತ್ತು, ತೆಳು ವಾಷರ್ ಸೇರಿಸಿ ಅದನ್ನು ಕಡಿಮೆ ಮಾಡಿದೆ. ಆಮೇಲೆ ಬಾಡಿಯ ಕೆಳಗಿನ ಪಟ್ಟಿಯಲ್ಲಿ ಅರದಿಂದ ಒಂದು ಸಣ್ಣ ಗೀರು ತೆಗೆದೆ. ಈ ಎಂಜಿನ್ನಿನಲ್ಲಿ ಆಯಿಲಿನ ದಾರಿ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಸುತ್ತಿಕೊಂಡೇ ಹೋಗುತ್ತದೆ. ಆ ಗೀರಿನಿಂದ ಸಣ್ಣ ಧಾರೆ ನೇರ ಹಲ್ಲುಗಳು ಸೇರುವ ಜಾಗಕ್ಕೆ ಬೀಳುತ್ತದೆ. ಗೀರು ದೊಡ್ಡದಾದರೆ ಆಯಿಲ್ ಪ್ರೆಶರ್ ಇಳಿಯುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಉಜ್ಜಬೇಕು.

ಹೋಲಿಕೆ ನ್ಯಾಯವಾಗಿರಲಿ ಅಂತ ಮತ್ತೊಂದು ಹೊಸ ಕಂಚಿನ ಗೇರನ್ನೇ ಹಾಕಿ ಓಡಿಸಿದೆ. 2,500 ಮೈಲಿ ಆದ ಮೇಲೆ ತೆಗೆದರೆ ಹಲ್ಲಿನ ಮೇಲೆ ಉಜ್ಜಿದ ಗುರುತಿತ್ತು, ಆಕಾರ ಕೆಟ್ಟಿರಲಿಲ್ಲ. ಫಿಲ್ಟರಿನಲ್ಲಿ ಹೊಳಪು ಹುಡುಕಿದರೆ ಮಾತ್ರ ಕಾಣುವಷ್ಟು. ಮೊದಲಿನ ಕಂಚಿನ ಗೇರಿನ ಪಕ್ಕ ಇಟ್ಟರೆ ಒಂದೇ ಪೆಟ್ಟಿಗೆಯಿಂದ ಬಂದವು ಅಂತ ಯಾರೂ ನಂಬುವುದಿಲ್ಲ. ನನ್ನ ಇಡೀ ಪ್ರಯೋಗದಲ್ಲಿ ಜಾಸ್ತಿ ಕಲಿಸಿದ್ದು ಈ ಜೋಡಿ.

ಮೂರನೆಯದು ಮೆಲೊನೈಸ್ಡ್ ಉಕ್ಕಿನ ಗೇರ್. ಉಕ್ಕನ್ನು ಕಾದು ಕರಗಿದ ಲವಣದಲ್ಲಿ ಅದ್ದಿ, ಮೇಲ್ಪದರಕ್ಕೆ ನೈಟ್ರೋಜನ್ ಸೇರಿಸಿ ಗಟ್ಟಿ ಮಾಡುತ್ತಾರೆ. ಬಣ್ಣ ಕಪ್ಪು. 1987ರಿಂದ ಶೆವ್ರೊಲೆಯ ಮಾತೃ ಕಂಪನಿ ಜಿಎಂ ಈ ಎಂಜಿನ್‌ಗಳಿಗೆ ಕಾರ್ಖಾನೆಯಲ್ಲೇ ರೋಲರ್ ಕ್ಯಾಮ್ ಹಾಕತೊಡಗಿತು. ಅವುಗಳ ಜೊತೆಗೆ ಹೊಂದುವುದು ಇಂಥ ಗೇರೇ. ನನ್ನ ಕ್ಯಾಮ್ ಚೀಟಿಯಲ್ಲೂ ಇದಕ್ಕೆ ಒಪ್ಪಿಗೆ ಇತ್ತು. ಎಲ್ಲ ಉಕ್ಕಿನ ಕ್ಯಾಮಿಗೂ ಇರುವುದಿಲ್ಲ, ನಿಮ್ಮದರ ಚೀಟಿ ನೋಡಿಯೇ ಕೊಳ್ಳಿ. ಹಾಕುವಾಗ ಹಲ್ಲಿಗೆ ಮಾಲಿಬ್ಡಿನಂ ಗ್ರೀಸ್ ಬಳಿದೆ. 4,000 ಮೈಲಿ ಓಡಿಸಿ ತೆಗೆದೆ. ಹಲ್ಲಿನ ನಡುವೆ ಒಂದೇ ಸಮನಾದ ಹೊಳೆಯುವ ಪಟ್ಟಿ ಬಿದ್ದಿತ್ತು, ಅಂಚುಗಳು ಇನ್ನೂ ಕಪ್ಪಾಗಿಯೇ ಇದ್ದವು. ಟೈಮಿಂಗ್ 12ರಿಂದ ಕದಲಿರಲಿಲ್ಲ. ಬೆಲೆ ಕಂಚಿನದಕ್ಕಿಂತ ಕಡಿಮೆ ಬಿತ್ತು.

ನಾಲ್ಕನೆಯದು ಗಟ್ಟಿ ಪಾಲಿಮರಿನ ಕಾಂಪೊಸಿಟ್ ಗೇರ್. ಕೈಯಲ್ಲಿ ಹಿಡಿದರೆ ಆಟಿಕೆಯಷ್ಟು ಹಗುರ, ನಂಬಿಕೆ ಬರಲು ಹೊತ್ತು ಬೇಕಾಯಿತು. ಯಾವ ಲೋಹದ ಕ್ಯಾಮ್ ಆದರೂ ಇದಕ್ಕೆ ಚಿಂತೆಯಿಲ್ಲ. ಒಂದು ಬೇಸಿಗೆ ಓಡಿಸಿದೆ, ಆಗಸ್ಟಿನಲ್ಲಿ ಇಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸಿನ ದಿನ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ನಿಂತು ಬಿಸಿಯಾದದ್ದೂ ಸೇರಿ. ಸವೆತ ಕಾಣಲಿಲ್ಲ. ಆದರೆ ಬೆಲೆ ಮೆಲೊನೈಸ್ಡ್ ಗೇರಿನ ಎರಡರಷ್ಟಕ್ಕಿಂತ ಜಾಸ್ತಿ. ನಿಮ್ಮ ಕ್ಯಾಮ್ ಯಾವ ಲೋಹದ್ದು ಅಂತ ಗೊತ್ತೇ ಇಲ್ಲದಿದ್ದರೆ, ಬೇರೆಯವರು ಕಟ್ಟಿದ ಎಂಜಿನ್ ಕೊಂಡಿದ್ದರೆ, ನಾನು ಇದನ್ನೇ ಹೇಳುತ್ತೇನೆ. ಕಂಚಿನದನ್ನು ಪದೇಪದೇ ಬಿಚ್ಚಿ ನೋಡುವ ರೇಸಿನವರಿಗೆ ಬಿಡೋಣ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಅದು ಸರಿಬರುವುದಿಲ್ಲ ಅನ್ನುವುದು ನನ್ನ ಅನುಭವ.

ಈಗ ನನ್ನ ಕಾರಿನಲ್ಲಿ ಇರುವುದು ಅದೇ ಮೆಲೊನೈಸ್ಡ್ ಗೇರ್. 4,000 ಮೈಲಿ ಓಡಿದ್ದನ್ನೇ ತೊಳೆದು ಮತ್ತೆ ಹಾಕಿದೆ.

ನೀವೂ ಬದಲಿಸುವುದಾದರೆ ಮೊದಲು ಶಾಫ್ಟ್ ಅಳೆಯಿರಿ. ಜಿಎಂ ಡಿಸ್ಟ್ರಿಬ್ಯೂಟರಿನದು 0.491 ಇಂಚು, ಹೊರಗಿನ ಕಂಪನಿಗಳ ಎಷ್ಟೋ ಡಿಸ್ಟ್ರಿಬ್ಯೂಟರಿನದು 0.500. ಗೇರಿನ ಮೇಲೆ ಒಂದು ಸಣ್ಣ ಕುಳಿ ಇರುತ್ತದೆ, ಅದು ರೋಟರಿನ ಮೂತಿ ಇರುವ ಕಡೆಗೇ ಬರಬೇಕು. ಹಿಂದುಮುಂದಾದರೆ 13 ಬೆಸ ಸಂಖ್ಯೆ ಆದ್ದರಿಂದ ಅರ್ಧ ಹಲ್ಲು ತಪ್ಪುತ್ತದೆ. ಡಿಸ್ಟ್ರಿಬ್ಯೂಟರ್ ಕೂರಿಸಿ ಬೋಲ್ಟ್ ಬಿಗಿದ ಮೇಲೂ ಪಂಪಿನ ಕಡ್ಡಿಗೆ ಒಂಚೂರು ಮೇಲೆ ಕೆಳಗೆ ಆಡಲು ಜಾಗ ಇರಬೇಕು. ಇಲ್ಲದಿದ್ದರೆ ದಪ್ಪ ಗ್ಯಾಸ್ಕೆಟ್ ಹಾಕಿ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಎತ್ತಿ.