ದವಡೆಗೆ ಬ್ರಿಡ್ಜ್, ಮುಂದಕ್ಕೆ ಝಿರ್ಕೋನಿಯಾ: ಹತ್ತು ವರ್ಷ ಅಗಿದ ಮೇಲೆ

ನನ್ನ ಬಾಯಲ್ಲಿ ಮೂರು ಕಾಲದ ಕೆಲಸವಿದೆ. ಬಲ ಮೇಲ್ದವಡೆಯ ಒಂದು ಹಲ್ಲಿಗೆ ಅಪ್ಪಟ ಲೋಹದ ಹಳೆಯ ಕ್ಯಾಪ್, ಎಡ ಕೆಳದವಡೆಯಲ್ಲಿ 2013ರಲ್ಲಿ ಕೂರಿಸಿದ ಮೂರು ಹಲ್ಲಿನ ಲೋಹ-ಸಿರಾಮಿಕ್ ಬ್ರಿಡ್ಜ್ (ಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಸೇತುವೆ), ಮುಂದಿನ ಒಂದು ಹಲ್ಲಿಗೆ 2018ರ ಝಿರ್ಕೋನಿಯಾ, ಅಂದರೆ ಹಲ್ಲಿನ ಬಣ್ಣದ ಗಟ್ಟಿ ಸಿರಾಮಿಕ್ ಕ್ಯಾಪ್. ಮೂರನ್ನೂ ಮಾಡಿಸಿದ್ದು ಮಡಿಕೇರಿಯಲ್ಲಿ, ಆದರೆ ಬೇರೆ ಬೇರೆ ಕ್ಲಿನಿಕ್‌ಗಳಲ್ಲಿ. ಹಾಕಿಸಿಕೊಂಡ ವಾರದಲ್ಲೇ ಐದು ನಕ್ಷತ್ರ ಒತ್ತಿ ಹೋಗುವವರ ಮಾತಿನಿಂದ ಹಲ್ಲಿನ ವಿಷಯದಲ್ಲಿ ಏನೂ ತಿಳಿಯುವುದಿಲ್ಲ. ಹೊಸದಾಗಿದ್ದಾಗ ಎಲ್ಲ ಕ್ಯಾಪ್‌ಗಳೂ ಚೆನ್ನಾಗಿಯೇ ಇರುತ್ತವೆ. ಅವುಗಳ ಬಣ್ಣ ಬಯಲಾಗುವುದಕ್ಕೆ ನಾಲ್ಕೈದು ಮಳೆಗಾಲ ಕಳೆಯಬೇಕು.

ಮೊದಲೇ ಹೇಳಿಬಿಡುತ್ತೇನೆ: ಯಾವ ವಸ್ತುವಿನ ಕ್ಯಾಪ್ ಎಂದು ತಲೆಕೆಡಿಸಿಕೊಳ್ಳುವವರು, ಅದರ ಅಂಚು ಒಸಡಿನ ಬಳಿ ಹೇಗೆ ಕೂತಿದೆ ಎಂದು ಕೇಳುವುದೇ ಇಲ್ಲ. ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ. ಅದರೊಳಗಿನ ನಮ್ಮದೇ ಹಲ್ಲಿಗೆ ಹಿಡಿಯುತ್ತದೆ, ಅದೂ ಆ ಅಂಚಿನಿಂದಲೇ ಒಳಗೆ ನುಗ್ಗಿ.

ಬ್ರಿಡ್ಜ್ ಬಗ್ಗೆ ಹೆಚ್ಚು ಬರೆಯುತ್ತೇನೆ, ಏಕೆಂದರೆ ನನಗೆ ಹೆಚ್ಚು ಪಾಠ ಹೇಳಿದ್ದು ಅದೇ. ನಾನು ಕಳೆದುಕೊಂಡದ್ದು ಕೆಳದವಡೆಯ ಮೊದಲ ದೊಡ್ಡ ಹಲ್ಲು. ಆರನೆಯ ವಯಸ್ಸಿಗೆ ಹಿಂದುಗಡೆ ಸದ್ದಿಲ್ಲದೆ ಮೂಡುವ ಈ ಹಲ್ಲನ್ನು ಎಷ್ಟೋ ಮನೆಗಳಲ್ಲಿ ಹಾಲುಹಲ್ಲೆಂದೇ ತಿಳಿದು ಬಿಟ್ಟುಬಿಡುತ್ತಾರೆ. ಕಿತ್ತ ಮೇಲೆ ಜಾಗವನ್ನು ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಕ್ಕೆ ಇಳಿಯುತ್ತದೆ. ಹಾಗೆ ವಾಲುವ ಮೊದಲೇ ಬ್ರಿಡ್ಜ್ ಕೂರಿಸಬೇಕು, ಇಲ್ಲದಿದ್ದರೆ ಎರಡು ಆಧಾರದ ಹಲ್ಲುಗಳನ್ನು ಒಂದೇ ನೇರಕ್ಕೆ ತರಲು ಇನ್ನಷ್ಟು ಅರೆಯಬೇಕಾಗುತ್ತದೆ.

ಅರೆಯುವುದು ಎಂದೆನಲ್ಲ, ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹೋದದ್ದು ಒಂದು ಹಲ್ಲು, ಅರೆದದ್ದು ಅಕ್ಕಪಕ್ಕದ ಎರಡನ್ನು. ಲೋಹ-ಸಿರಾಮಿಕ್ ಆದರೆ ಅಗಿಯುವ ಮೇಲ್ಮೈಯಿಂದ ಸುಮಾರು 1.5ರಿಂದ 2 ಮಿಲಿಮೀಟರ್, ಸುತ್ತಲಿಂದಲೂ ಒಂದಷ್ಟು ತೆಗೆಯುತ್ತಾರೆ. ಲೋಹದ ಪದರ, ಅದರ ಮೇಲೆ ಸಿರಾಮಿಕ್ ಪದರ, ಎರಡಕ್ಕೂ ಜಾಗ ಬೇಕಲ್ಲ. ಹೋದ ದಂತಕವಚ ಮತ್ತೆ ಬೆಳೆಯುವುದಿಲ್ಲ. ಆಮೇಲೆ ಅಳತೆ ತೆಗೆದು ಲ್ಯಾಬ್‌ಗೆ ಕಳುಹಿಸುತ್ತಾರೆ. ಎರಡು ಕ್ಯಾಪ್, ನಡುವೆ ಒಂದು ಕೃತಕ ಹಲ್ಲು, ಮೂರೂ ಸೇರಿ ಒಂದೇ ತುಂಡಾಗಿ ಬರುತ್ತದೆ. ಬಿಲ್ಲಿನಲ್ಲಿ ಮಾತ್ರ ಅದು ಮೂರು. ಹೋದದ್ದು ಒಂದೇ ಹಲ್ಲಲ್ಲವೇ ಎಂದು ಕೌಂಟರಿನಲ್ಲಿ ವಾದ ಮಾಡುವವರನ್ನು ನೋಡಿದ್ದೇನೆ. ವಾದಿಸಿ ಪ್ರಯೋಜನವಿಲ್ಲ, ಎಲ್ಲೆಡೆಯೂ ಲೆಕ್ಕ ಹಾಕುವುದು ಹೀಗೆಯೇ.

ಕೂರಿಸಿದ ದಿನ ಕಚ್ಚಿದರೆ ಎಡಗಡೆ ಮೊದಲು ತಾಗುತ್ತಿತ್ತು. ಕ್ಲಿನಿಕ್‌ನಲ್ಲಿ ಹೇಳಿದೆ. ‘ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ’ ಎಂದು ಕಳುಹಿಸಿದರು. ಅಭ್ಯಾಸವಾಗಲಿಲ್ಲ. ಕಿವಿಯ ಮುಂದಿನ ಕೀಲು ನೋಯತೊಡಗಿತು, ಅಕ್ಕಿ ರೊಟ್ಟಿ ಅಗಿಯುವುದಕ್ಕೂ ಬೇಸರ. ಕೊನೆಗೆ ಇನ್ನೊಬ್ಬ ವೈದ್ಯರು ತೆಳುವಾದ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರು. ಕನ್ನಡಿಯಲ್ಲಿ ನನಗೂ ತೋರಿಸಿದರು: ಬ್ರಿಡ್ಜ್‌ನ ಹಿಂದಿನ ಹಲ್ಲಿನ ಒಂದು ಮೂಲೆಯಲ್ಲಿ ಮಾತ್ರ ಗಾಢವಾದ ನೀಲಿ ಚುಕ್ಕೆ, ಉಳಿದೆಡೆ ಗುರುತೇ ಇಲ್ಲ. ಬಾಯಿಯ ಇಡೀ ಭಾರ ಆ ಚುಕ್ಕೆಯ ಮೇಲೆ ಬೀಳುತ್ತಿತ್ತು. ಅಷ್ಟನ್ನೇ ಸವರಿ, ಮತ್ತೆ ಕಚ್ಚಿಸಿ, ಕೊನೆಗೆ ಹೊಳಪು ಕೊಟ್ಟರು. ಹೊಳಪನ್ನು ಮರೆಯಬಾರದು, ಒರಟಾಗಿ ಬಿಟ್ಟ ಸಿರಾಮಿಕ್ ಎದುರಿನ ಹಲ್ಲನ್ನು ಸವೆಸುತ್ತದೆ. ಈ ಕೆಲಸ ಕೆಲವೇ ನಿಮಿಷದ್ದು. ಕಚ್ಚುವಿಕೆ ಸರಿಯಾಗುವವರೆಗೆ ಕುರ್ಚಿಯಿಂದ ಏಳಬೇಡಿ, ಹಿಂದೆ ಎಷ್ಟು ಜನ ಕಾಯುತ್ತಿದ್ದರೂ ಸರಿ.

ಕೆಲವು ವರ್ಷಗಳ ನಂತರ ಹಿಂದಿನ ಆಧಾರದ ಹಲ್ಲು ರಾತ್ರಿಯಲ್ಲಿ ಮಿಡಿಯತೊಡಗಿತು. ಅರೆದ ಹಲ್ಲುಗಳಲ್ಲಿ ಕೆಲವು ಹೀಗೆ ಒಳಗಿನ ಜೀವ ಕಳೆದುಕೊಳ್ಳುತ್ತವೆ. ಬ್ರಿಡ್ಜ್ ಬಿಚ್ಚಲು ಹೋದರೆ ಒಡೆಯುವ ಭಯ, ಹಾಗಾಗಿ ಅದರ ಮೇಲಿನಿಂದಲೇ ತೂತು ಕೊರೆದು ರೂಟ್ ಕೆನಾಲ್ ಮಾಡಿ, ತೂತನ್ನು ತುಂಬಿದರು. ಈಗಲೂ ಬಾಯಿ ತೆರೆದರೆ ಆ ತೇಪೆ ಕಾಣುತ್ತದೆ. ಹತ್ತು ವರ್ಷದ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಬ್ರಿಡ್ಜ್‌ಗಳು ಬಾಯಲ್ಲೇ ಉಳಿದಿರುತ್ತವೆ ಎಂಬುದು ಅಧ್ಯಯನಗಳನ್ನು ಒಟ್ಟುಗೂಡಿಸಿದವರ ಲೆಕ್ಕ. ಉಳಿಯುವುದು ಬೇರೆ, ಯಾವ ತಂಟೆಯೂ ಇಲ್ಲದೆ ಉಳಿಯುವುದು ಬೇರೆ. ನನ್ನದು ಉಳಿದ ಜಾತಿಯದು, ತಂಟೆಯಿಲ್ಲದ ಜಾತಿಯದಲ್ಲ.

ಇನ್ನು ಊಟ. ಅಕ್ಕಿಯ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಯಾವುದಕ್ಕೂ ತೊಂದರೆಯಿಲ್ಲ. ಪಂದಿ ಕರಿಯ ಹಂದಿಮಾಂಸದ ಎಳೆ ಮಾತ್ರ ಕೃತಕ ಹಲ್ಲಿನ ಅಡಿಗೆ ಹೋಗಿ ಕೂರುತ್ತದೆ, ಮಳೆಗಾಲದಲ್ಲಿ ಕಣಿಲೆಯ (ಎಳೆ ಬಿದಿರಿನ) ನಾರು ಕೂಡ. ಬ್ರಿಡ್ಜ್‌ನ ನಡುವಿನ ಹಲ್ಲಿಗೆ ಬೇರಿಲ್ಲ, ಅದು ಒಸಡಿನ ಮೇಲೆ ಸುಮ್ಮನೆ ತಾಗಿಕೊಂಡಿರುತ್ತದೆ. ಆ ಸಂದಿಗೆ ಸಾಮಾನ್ಯ ಬ್ರಷ್ ಹೋಗುವುದಿಲ್ಲ. ಇದಕ್ಕೆಂದೇ ಒಂದು ದಾರ ಸಿಗುತ್ತದೆ: ತುದಿ ಗಟ್ಟಿ, ನಡುವೆ ಸ್ಪಂಜಿನಂತೆ ಉಬ್ಬಿದ ಭಾಗ. ಗಟ್ಟಿ ತುದಿಯನ್ನು ಕೆನ್ನೆಯ ಕಡೆಯಿಂದ ಬ್ರಿಡ್ಜ್‌ನ ಅಡಿಗೆ ತೂರಿಸಿ, ನಾಲಿಗೆಯ ಕಡೆ ಹಿಡಿದು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಮುಂಚೆ ಕೋವಿಯ ನಳಿಗೆಯಲ್ಲಿ ಬಟ್ಟೆ ಎಳೆಯುವ ಹಾಗೆ ಹಿಂದೆ ಮುಂದೆ ಎಳೆಯಬೇಕು. ಮೊದಲ ದಿನಗಳಲ್ಲಿ ಒಸಡಿನಿಂದ ರಕ್ತ ಬಂತು, ಆಮೇಲೆ ನಿಂತಿತು. ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಕೇಳಿದರೆ ಸಾದಾ ದಾರ ಕೊಡುತ್ತಾರೆ, ಅದು ಈ ಕೆಲಸಕ್ಕೆ ಬಾರದು. ಆನ್‌ಲೈನ್‌ನಲ್ಲಿ ಒಟ್ಟಿಗೆ ತರಿಸಿಟ್ಟುಕೊಳ್ಳುತ್ತೇನೆ. ಸಂದಿ ಅಗಲವಾಗಿರುವ ಕಡೆ ಪುಟ್ಟ ಬಾಟಲಿ ಬ್ರಷ್‌ನಂಥದ್ದೂ ನಡೆಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ವೈದ್ಯರು ಹೇಳಿಕೊಟ್ಟರು. ಬೆರಳಿನಿಂದ ಬ್ರಿಡ್ಜ್ ಒತ್ತಿ ಬಿಟ್ಟಾಗ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಬಂದರೆ ಹಲ್ಲಿಗೆ ಅಂಟಿಸಿದ ಸಿಮೆಂಟ್ ಒಂದು ಕಡೆ ಬಿಟ್ಟಿದೆ ಎಂದರ್ಥ. ಇನ್ನೊಂದು ಕಡೆ ಹಿಡಿದಿರುವುದರಿಂದ ಬ್ರಿಡ್ಜ್ ಕೈಗೆ ಬರುವುದಿಲ್ಲ, ನೋವೂ ಇರುವುದಿಲ್ಲ. ಒಳಗೆ ಹಲ್ಲು ಕರಗುತ್ತಲೇ ಇರುತ್ತದೆ. ಲೋಹವಾಗಲಿ ಝಿರ್ಕೋನಿಯಾವಾಗಲಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡು ಒಳಗಿನ ಹುಳುಕನ್ನು ಮರೆಮಾಡುತ್ತದೆ, ಅಂಚಿನದು ಮಾತ್ರ ಕಾಣುತ್ತದೆ. ಕೂರಿಸಿದ ತಕ್ಷಣದ ಎಕ್ಸ್‌ರೇಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಮುಂದಿನ ಹಲ್ಲಿನ ಕಥೆ ಬೇರೆ. ಮೆಣಸು ಕೊಯ್ಯುವ ಏಣಿ ಜಾರಿ ಅರ್ಧ ಹಲ್ಲು ಹೋಯಿತು. ರೂಟ್ ಕೆನಾಲ್ ಆಗಿ, ಬೇರಿನೊಳಗೆ ಕಡ್ಡಿ ಕೂರಿಸಿ, ಅದರ ಮೇಲೆ ಹಲ್ಲಿನ ದಿಂಡು ಕಟ್ಟಿ, ಅಳತೆ ತೆಗೆದದ್ದು 2018ರ ಆಗಸ್ಟ್‌ನಲ್ಲಿ. ಲ್ಯಾಬ್ ಇದ್ದದ್ದು ಮಂಗಳೂರಿನಲ್ಲಿ. ಆ ಆಗಸ್ಟ್ ಏನಾಯಿತು ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಗುಡ್ಡಗಳು ಕುಸಿದವು, ಮಂಗಳೂರಿಗೆ ಇಳಿಯುವ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. ಸುತ್ತಲಿನವರು ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದಾಗ ನನ್ನ ಹಲ್ಲಿನ ಪಾರ್ಸೆಲ್ ಎಲ್ಲಿ ಎಂದು ಕೇಳಲು ನಾಚಿಕೆಯಾಗುತ್ತಿತ್ತು. ಕೆಲವೇ ದಿನಕ್ಕೆಂದು ಹಾಕಿದ ಪ್ಲಾಸ್ಟಿಕ್‌ನ ತಾತ್ಕಾಲಿಕ ಕ್ಯಾಪ್ ಎಷ್ಟೋ ವಾರ ದುಡಿಯಿತು. ಅದನ್ನು ಬೇಕೆಂದೇ ಮೆದು ಸಿಮೆಂಟ್‌ನಲ್ಲಿ ಅಂಟಿಸಿರುತ್ತಾರೆ, ಆದ್ದರಿಂದ ಕಳಚುತ್ತದೆ. ಕಳಚಿದರೆ ತಡಮಾಡದೆ ಮತ್ತೆ ಕೂರಿಸಿಕೊಳ್ಳಬೇಕು. ಪಕ್ಕದ ಹಲ್ಲು ಕೂದಲೆಳೆಯಷ್ಟು ಸರಿದರೂ ಲ್ಯಾಬ್‌ನಿಂದ ಬಂದ ಕ್ಯಾಪ್ ಕೂರುವುದಿಲ್ಲ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಘಟ್ಟದ ರಸ್ತೆಯಷ್ಟೇ ಕಾರಣವಲ್ಲ, ಬೆಳಕೂ ಒಂದು ಕಾರಣ.

ಬಣ್ಣ ಹೊಂದಿಸಲು ಅವರ ಬಳಿ ಮಾದರಿ ಹಲ್ಲುಗಳ ಪಟ್ಟಿ ಇರುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ವಿಟಾ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಪು, ಒಟ್ಟು 16 ಛಾಯೆಗಳು. ಹೊರಗೆ ಮಂಜು, ಒಳಗೆ ಟ್ಯೂಬ್‌ಲೈಟ್, ಬಾಯಿ ಬಹಳ ಹೊತ್ತು ತೆರೆದು ಹಲ್ಲು ಒಣಗಿದ ಮೇಲೆ ಆರಿಸಿದ ಛಾಯೆ ತಪ್ಪದೆ ಇದ್ದರೆ ಆಶ್ಚರ್ಯ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಬಂದ ಕ್ಯಾಪ್ ಬಾಯಲ್ಲಿ ಒಂದೇ ಎದ್ದು ಕಾಣುತ್ತಿತ್ತು. ಸಿಮೆಂಟ್ ಹಾಕುವ ಮೊದಲೇ ಬೇಡವೆಂದೆ. ಅವರೂ ತಕರಾರಿಲ್ಲದೆ ವಾಪಸ್ ಕಳುಹಿಸಿ, ಮಂಜು ಸರಿದ ಒಂದು ಬೆಳಿಗ್ಗೆ ಕಿಟಕಿಯ ಪಕ್ಕ ನಿಲ್ಲಿಸಿ, ಕೆಲಸ ಶುರುಮಾಡುವ ಮೊದಲೇ ಮತ್ತೆ ಛಾಯೆ ನೋಡಿದರು. ಎರಡನೆಯದು ಸರಿಹೋಯಿತು.

ಸರಿಹೋಗಿತ್ತು ಎನ್ನಬೇಕು. ಝಿರ್ಕೋನಿಯಾ ಕಾಫಿಯ ಕಲೆ ಹಿಡಿಯುವುದಿಲ್ಲ, ಪಕ್ಕದ ನನ್ನ ಸ್ವಂತ ಹಲ್ಲುಗಳು ಹಿಡಿಯುತ್ತವೆ. ಕಾಫಿ ಬೆಳೆಯುವವನಿಗೆ ಕಾಫಿ ಬಿಡು ಎನ್ನುವ ಧೈರ್ಯ ವೈದ್ಯರಿಗೂ ಬರಲಿಲ್ಲ. ಹಲ್ಲು ಸ್ವಚ್ಛ ಮಾಡಿಸಿದಾಗ ಮೇಲಿನ ಕಲೆ ಹೋಗಿ ಎಲ್ಲವೂ ಒಂದಾಗುತ್ತವೆ, ಮತ್ತೆ ನಿಧಾನಕ್ಕೆ ಬೇರೆಯಾಗುತ್ತವೆ. ಹಲ್ಲು ಬಿಳುಪು ಮಾಡಿಸಬೇಕೆಂಬ ಆಸೆ ಇದ್ದವರು ಅದನ್ನು ಕ್ಯಾಪ್‌ಗೆ ಮುಂಚೆಯೇ ಮುಗಿಸಬೇಕು. ಬಿಳುಪಿನ ಔಷಧ ಕ್ಯಾಪ್‌ನ ಮೇಲೆ ಕೆಲಸ ಮಾಡುವುದಿಲ್ಲ.

ಝಿರ್ಕೋನಿಯಾದ ಜೊತೆ ಹತ್ತು ವರ್ಷದ ವಾರಂಟಿ ಕಾರ್ಡು ಕೊಟ್ಟರು. ಅದರ ಸಣ್ಣ ಅಕ್ಷರಗಳನ್ನು ಓದಿ. ಕ್ಯಾಪ್ ಒಡೆದರೆ ಇನ್ನೊಂದು ಕ್ಯಾಪ್, ಅಷ್ಟೇ. ಒಳಗಿನ ಹಲ್ಲು ಹುಳುಕಾದರೆ, ಬೇರು ಸೀಳಿದರೆ, ವೈದ್ಯರ ಕೆಲಸದ ಶುಲ್ಕ ಎಂದರೆ ಕಾರ್ಡು ಮೌನ. ಝಿರ್ಕೋನಿಯಾ ಸುಲಭಕ್ಕೆ ಒಡೆಯುವ ವಸ್ತುವೇ ಅಲ್ಲ, ಆದ್ದರಿಂದ ಆ ವಾರಂಟಿ ಕೊಡುವವರಿಗೆ ನಷ್ಟವಿಲ್ಲ. ಅದೇ ಗಟ್ಟಿತನದಿಂದಾಗಿ, ನನ್ನ ಬ್ರಿಡ್ಜ್‌ಗೆ ಮಾಡಿದ ಹಾಗೆ ತೂತು ಕೊರೆಯುವುದು ಅದರಲ್ಲಿ ಹೆಚ್ಚು ಶ್ರಮದ ಕೆಲಸ. ಬ್ರಿಡ್ಜ್‌ನ ಸಿರಾಮಿಕ್ ಒಂದು ಮೂಲೆಯಲ್ಲಿ ಸಿಪ್ಪೆಯಷ್ಟು ಹಾರಿದೆ, ಒಸಡು ಸರಿದ ಕಡೆ ಲೋಹದ ಕಪ್ಪು ಗೆರೆಯೂ ಕಾಣುತ್ತಿದೆ. ದವಡೆಯಲ್ಲಿ ಯಾರು ನೋಡುತ್ತಾರೆ? ಮುಂದಿನ ಹಲ್ಲಿಗಾಗಿದ್ದರೆ ಸಹಿಸುತ್ತಿರಲಿಲ್ಲ.

ಲೋಹದ ಕ್ಯಾಪ್‌ಗೆ ಬರೆಯಲು ಹೆಚ್ಚೇನೂ ಇಲ್ಲ, ಅದೇ ಅದರ ಹೆಗ್ಗಳಿಕೆ. ಅರೆದದ್ದು ಕಡಿಮೆ, ಸಿಪ್ಪೆ ಹಾರಲು ಸಿರಾಮಿಕ್ ಇಲ್ಲ, ಬೆಲೆಯೂ ಕಡಿಮೆ. ನಕ್ಕಾಗ ಬೂದು ಬಣ್ಣ ಕಂಡು ನೆಂಟರು ತಮಾಷೆ ಮಾಡುತ್ತಾರೆ. ಹಿಂದಿನ ಹಲ್ಲಿಗೆ ಮೂರರಲ್ಲಿ ನಾನು ಮತ್ತೆ ಆರಿಸುವುದು ಇದನ್ನೇ. ಇಂಥ ಕ್ಯಾಪ್‌ಗಳಲ್ಲಿ ಸಾಮಾನ್ಯವಾಗಿ ನಿಕ್ಕಲ್ ಇರುತ್ತದೆ, ಅಗ್ಗದ ಓಲೆ ಹಾಕಿದರೆ ಕಿವಿ ಕಡಿತ ಬರುವವರು ಮೊದಲೇ ಹೇಳಬೇಕು.

ದುಡ್ಡಿನ ಮಾತು: ಈಗ ಲೋಹ-ಸಿರಾಮಿಕ್ ಒಂದು ಹಲ್ಲಿಗೆ ಸಾಮಾನ್ಯವಾಗಿ 3,000ದಿಂದ 6,000 ರೂಪಾಯಿ, ಝಿರ್ಕೋನಿಯಾ ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು. ರೂಟ್ ಕೆನಾಲ್ ಖರ್ಚು ಬೇರೆ. ಕೈ ಬಿಗಿ ಇದ್ದವರು ವಿರಾಜಪೇಟೆ ಬಳಿ ಮಗ್ಗುಲದಲ್ಲಿರುವ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಬೋಧಕರ ಕಣ್ಣೆದುರಿಗೆ ವಿದ್ಯಾರ್ಥಿಗಳು ಮಾಡುತ್ತಾರೆ, ಹೊತ್ತು ಹಿಡಿಯುತ್ತದೆ. ನನ್ನ ನಾದಿನಿಯ ಕ್ಯಾಪ್ ಅಲ್ಲಿಯದೇ, ಅಂಚಿನಲ್ಲಿ ಉಗುರು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ. ಉದ್ದದ ಬ್ರಿಡ್ಜ್ ಆದರೆ ಕೃತಕ ದಂತ ಜೋಡಣೆಯಲ್ಲೇ ಸ್ನಾತಕೋತ್ತರ ಪದವಿ ಪಡೆದವರನ್ನು ಹುಡುಕುವುದು ಒಳ್ಳೆಯದು.

ಈಗ ಬಲ ಕೆಳದವಡೆಯಲ್ಲಿ ಇನ್ನೊಂದು ಹಲ್ಲು ಹೋಗಿದೆ. ಅದರ ಎರಡೂ ಪಕ್ಕದವು ಒಂದು ಚುಕ್ಕೆ ಹುಳುಕಿಲ್ಲದ ಹಲ್ಲುಗಳು. ಅವನ್ನು ಅರೆಯಲು ಈ ಬಾರಿ ನನಗೆ ಮನಸ್ಸಿಲ್ಲ, ವೈದ್ಯರೂ ಇಂಪ್ಲಾಂಟ್ ಎನ್ನುತ್ತಿದ್ದಾರೆ: ಎಲುಬಿನೊಳಗೆ ಟೈಟಾನಿಯಂ ತಿರುಪು, ಅದು ಎಲುಬಿಗೆ ಬೆಸೆದುಕೊಳ್ಳಲು ಕೆಲವು ತಿಂಗಳು, ಆಮೇಲೆ ಮೇಲೊಂದು ಕ್ಯಾಪ್. ಖರ್ಚು ಬ್ರಿಡ್ಜ್‌ಗಿಂತ ಹೆಚ್ಚು. ಮೆಣಸಿನ ದುಡ್ಡು ಕೈಗೆ ಬಂದ ಮೇಲೆ ನೋಡಬೇಕು. ಅಲ್ಲಿಯವರೆಗೆ ಅಗಿಯುವುದೆಲ್ಲ ಎಡಕ್ಕೆ, ತೇಪೆ ಹಾಕಿದ ಆ ಬ್ರಿಡ್ಜ್ ಮೇಲೆ.