ಫಾರ್ಮ್ಯಾಟ್ ಹೊಡೆಯದೆ ಎಂಟು ಅಪ್‌ಗ್ರೇಡ್: ಐಎಸ್ಒ ಮೌಂಟ್ ಮಾಡಿ ವಿಂಡೋಸ್ ಏರಿಸಿದ ಅನುಭವ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೋರ್ಟಿನ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಬರುತ್ತವೆ. ಇರುವುದು ಮೂರು ಕಂಪ್ಯೂಟರ್. 2020ರಿಂದ ಇವುಗಳಲ್ಲಿ ಎಂಟು ಸಲ ವಿಂಡೋಸ್ ಅಪ್‌ಗ್ರೇಡ್ ಮಾಡಿದ್ದೇನೆ. ಎಂಟೂ ಸಲ ಒಂದೇ ದಾರಿ. ವಿಂಡೋಸ್ ಡಿಸ್ಕಿನ ನಕಲಾದ ಐಎಸ್ಒ ಫೈಲ್ ಇಳಿಸಿಕೊಳ್ಳುವುದು, ಅದನ್ನು ಮೌಂಟ್ ಮಾಡುವುದು, ಅಂದರೆ ಒಂದು ಡ್ರೈವ್‌ನಂತೆ ತೆರೆಯುವುದು, ಒಳಗಿರುವ ಸೆಟಪ್ ಓಡಿಸುವುದು. ಅಂಗಡಿ ಇಟ್ಟುಕೊಂಡವರಿಗೆ ಇದರಷ್ಟು ನೆಮ್ಮದಿಯ ದಾರಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಲು 2017ಕ್ಕೆ ಹೋಗಬೇಕು.

ಆಗ ಹಳೆಯ ಯಂತ್ರ ತುಂಬ ನಿಧಾನವಾಗಿತ್ತು. ರಿಪೇರಿಗೆ ಕೊಟ್ಟೆ. "ಫಾರ್ಮ್ಯಾಟ್ ಹೊಡ್ದು ವಿಂಡೋಸ್ 10 ಹಾಕಿ ಕೊಡ್ತೀನಿ ಬಿಡ್ರಿ, ಹೊಸಾದ್ರಂಗ ಆಗ್ತತಿ" ಅಂದರು. ಡಿ ಡ್ರೈವ್‌ನಲ್ಲಿ ಫೈಲುಗಳಿವೆ, ಅದನ್ನು ಮುಟ್ಟಬೇಡಿ ಅಂತ ಹೇಳಿದೆ. ಮುಟ್ಟಲಿಲ್ಲ, ಫೈಲುಗಳೆಲ್ಲ ಇದ್ದವು. ಮರುದಿನ ಬೆಳಿಗ್ಗೆ ಹರಿಹರದ ಕಡೆಯ ಒಂದು ಕುಟುಂಬ ಲಗ್ನಪತ್ರಿಕೆಯ ಕರಡು ನೋಡಲು ಬಂದು ಕೂತಿತ್ತು. ಫೈಲ್ ತೆರೆದ ನಮ್ಮ ಟೈಪಿಂಗ್ ಹುಡುಗಿ ಗಾಬರಿಯಾದಳು. "ಅಕ್ಕಾ, ಅಕ್ಷರ ಎಲ್ಲಾ ಕೆಟ್ಟೋಗೇತಿ ನೋಡ್ರಿ."

ಕನ್ನಡದ ಜಾಗದಲ್ಲಿ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತಿತ್ತು. ನಾವು ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಹಳೇ ಫಾಂಟುಗಳು ಎಲ್ಲ ಯಂತ್ರಕ್ಕೂ ಹೊಂದುವ ಯೂನಿಕೋಡ್ ಅಲ್ಲ. ಆ ಫಾಂಟು ಯಂತ್ರದಲ್ಲಿ ಇಲ್ಲದಿದ್ದರೆ ಫೈಲಿನೊಳಗಿನ ಕನ್ನಡ ಓದಲು ಬರುವುದಿಲ್ಲ. ಫಾಂಟುಗಳೆಲ್ಲ ಸಿ ಡ್ರೈವ್‌ನಲ್ಲಿ ಇದ್ದವು, ಅಳಿಸಿ ಹೋಗಿದ್ದವು. ಪುಟ ಜೋಡಿಸುವ ಪೇಜ್‌ಮೇಕರ್ ಇಲ್ಲ, ಪ್ರಿಂಟರ್ ಇಲ್ಲ, ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಬಾರ್ಡರ್ ಡಿಸೈನುಗಳೂ ಇಲ್ಲ. ಎಲ್ಲವನ್ನೂ ಮತ್ತೆ ಕೂಡಿಸಲು ನಾಲ್ಕು ದಿನ ಹಿಡಿಯಿತು. ಕೆಲವು ಡಿಸೈನುಗಳು ಇವತ್ತಿಗೂ ಸಿಕ್ಕಿಲ್ಲ. ಆ ಕುಟುಂಬ ಬೇರೆ ಅಂಗಡಿಗೆ ಹೋಯಿತು.

ಆಮೇಲೆ ನಾನೇ ಕೂತು ಕಲಿತೆ. ಆಗ ಒಂದು ವಿಷಯ ಗೊತ್ತಾಯಿತು. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ವಿಂಡೋಸ್ ಹಾಕಿದರೆ, ಇರುವ ಸಾಫ್ಟ್‌ವೇರ್ ಉಳಿಸಿಕೊಳ್ಳುವ ಆಯ್ಕೆ ಸಿಗುವುದೇ ಇಲ್ಲ. ಅದೇ ಸೆಟಪ್ಪನ್ನು ನಡೆಯುತ್ತಿರುವ ವಿಂಡೋಸ್ ಒಳಗಿನಿಂದ ಓಡಿಸಿದರೆ ಮೂರು ಆಯ್ಕೆ ಬರುತ್ತವೆ. ಫೈಲು ಮತ್ತು ಆ್ಯಪ್ ಎರಡನ್ನೂ ಇಟ್ಟುಕೊಳ್ಳುವುದು, ಬರೀ ಫೈಲು ಇಟ್ಟುಕೊಳ್ಳುವುದು, ಏನನ್ನೂ ಇಟ್ಟುಕೊಳ್ಳದಿರುವುದು. ನಮಗೆ ಬೇಕಾದದ್ದು ಮೊದಲನೆಯದು. ನುಡಿ, ಪೇಜ್‌ಮೇಕರ್, ಫಾಂಟುಗಳು, ಪಾಸ್‌ವರ್ಡುಗಳು ಎಲ್ಲ ಇದ್ದಲ್ಲೇ ಇರುತ್ತವೆ.

ಮೌಂಟ್ ಅಂದರೆ ಹೆದರುವಂಥದ್ದೇನೂ ಇಲ್ಲ. ಐಎಸ್ಒ ಅನ್ನುವುದು ಒಂದು ಡಿಸ್ಕಿನ ಪೂರ್ತಿ ನಕಲು, ಒಂದೇ ಫೈಲಿನ ರೂಪದಲ್ಲಿ. ವಿಂಡೋಸ್ 8ರಿಂದ ಈಚೆಗೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಡಿವಿಡಿ ಹಾಕಿದಂತೆ ಒಂದು ಹೊಸ ಡ್ರೈವ್ ಕಾಣಿಸುತ್ತದೆ. ವಿಂಡೋಸ್ 7ರಲ್ಲಿ ಇದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಿತ್ತು. ಯಂತ್ರದಲ್ಲಿ ಜಿಪ್ ಬಿಚ್ಚುವ ಸಾಫ್ಟ್‌ವೇರ್ ಇದ್ದರೆ ಡಬಲ್ ಕ್ಲಿಕ್ ಮಾಡಿದಾಗ ಅದೇ ತೆರೆದುಕೊಳ್ಳಬಹುದು. ಆಗ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಬೇಕು. ಫೈಲ್ ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ನಡುವೆ ಪೆನ್‌ಡ್ರೈವ್ ಅಲುಗಾಡಿ ಕೆಲಸ ಕೆಡುವ ಭಯ ಇರುವುದಿಲ್ಲ.

ಯಂತ್ರ ಮೊದಲ ಸಲ ರೀಸ್ಟಾರ್ಟ್ ಆದಾಗ ಮೌಂಟ್ ಆದ ಆ ಡ್ರೈವ್ ಮಾಯವಾಗುತ್ತದೆ. ನೋಡಿ ಗಾಬರಿ ಬೇಡ. ಅಷ್ಟರೊಳಗೆ ಸೆಟಪ್ ತನಗೆ ಬೇಕಾದ ಫೈಲುಗಳನ್ನೆಲ್ಲ ಸಿ ಡ್ರೈವ್‌ಗೆ ಎಳೆದುಕೊಂಡಿರುತ್ತದೆ.

ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ ಇನ್ನೊಂದು ವಿಷಯ ಡೇಟಾ ಉಳಿತಾಯ. 2020ರಲ್ಲಿ ಅಂಗಡಿಗೆ ಫೈಬರ್ ಇರಲಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಒಂದೇ. ಮೂರು ಯಂತ್ರಗಳು ಬೇರೆ ಬೇರೆಯಾಗಿ ಅಪ್‌ಡೇಟ್ ಇಳಿಸಿಕೊಂಡರೆ ದಿನದ ಡೇಟಾ ಬೆಳಿಗ್ಗೆಯೇ ಖಾಲಿ. ಐಎಸ್ಒ ಆದರೆ ಒಂದೇ ಸಲ ಇಳಿಸಿ ಬೇರೆ ಯಂತ್ರಕ್ಕೂ ಬಳಸಬಹುದು. ಈಗಿನ ವಿಂಡೋಸ್ 11ರದ್ದು ಐದು ಜಿಬಿಗಿಂತ ಜಾಸ್ತಿ ಇದೆ. ಇಳಿಸುವುದು ಮೈಕ್ರೋಸಾಫ್ಟ್ ಸೈಟಿನಿಂದ ಮಾತ್ರ. ಗೆಳೆಯರು ಕೊಟ್ಟದ್ದು, ಎಲ್ಲಿಂದಲೋ ಸಿಕ್ಕಿದ್ದು ಬೇಡವೇ ಬೇಡ. ಆ ಸೈಟಿನಲ್ಲೇ ಪ್ರತಿ ಭಾಷೆಯ ಫೈಲಿಗೂ 64 ಅಕ್ಷರದ ಒಂದು ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ಕೊಟ್ಟಿರುತ್ತಾರೆ. ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ನಮ್ಮ ಫೈಲಿನ ಹ್ಯಾಶ್ ತೆಗೆದು ಅದಕ್ಕೆ ಹೋಲಿಸಬಹುದು. ಎರಡೇ ನಿಮಿಷದ ಕೆಲಸ. ನಾನು ಪ್ರತಿ ಸಲ ಮಾಡುತ್ತೇನೆ.

ಈಗ ಎಡವಿದ ಜಾಗಗಳು. ಇವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಭಾಷೆ. ಡೌನ್‌ಲೋಡ್ ಮಾಡುವಾಗ ಎರಡು ಇಂಗ್ಲಿಷ್ ಕಾಣುತ್ತವೆ. ಒಂದು ಯುನೈಟೆಡ್ ಸ್ಟೇಟ್ಸ್, ಇನ್ನೊಂದು ಇಂಟರ್‌ನ್ಯಾಷನಲ್. ನಾವು ಇರುವುದು ಭಾರತದಲ್ಲಿ ಅಲ್ವಾ ಅಂತ ನಾನು ಇಂಟರ್‌ನ್ಯಾಷನಲ್ ಇಳಿಸಿದೆ. ಸೆಟಪ್ ಶುರುವಾಯಿತು, ಆಯ್ಕೆಯ ಪುಟ ಬಂತು. ಫೈಲು ಮತ್ತು ಆ್ಯಪ್ ಉಳಿಸುವ ಸಾಲು ಮಸುಕಾಗಿತ್ತು, ಒತ್ತಲು ಬರಲಿಲ್ಲ. ಎದೆ ಝಲ್ ಎಂದಿತು. ಅಲ್ಲಿಗೇ ನಿಲ್ಲಿಸಿದೆ. ಹುಡುಕಿದಾಗ ಗೊತ್ತಾಯಿತು, ಯಂತ್ರದಲ್ಲಿ ಮೊದಲು ಹಾಕಿದ್ದ ವಿಂಡೋಸ್ ಯುನೈಟೆಡ್ ಸ್ಟೇಟ್ಸ್ ಇಂಗ್ಲಿಷಿನದು. ಎರಡೂ ಹೊಂದದಿದ್ದರೆ ಆ್ಯಪ್ ಉಳಿಸಲು ಆಗುವುದಿಲ್ಲ. ಅಷ್ಟು ಜಿಬಿ ವ್ಯರ್ಥವಾಯಿತು, ಮತ್ತೆ ಸರಿಯಾದದ್ದನ್ನು ಇಳಿಸಿದೆ. ನೆನಪಿಡಬೇಕಾದ ಮಾತು ಒಂದೇ: ಆ ಮೊದಲ ಸಾಲು ಮಸುಕಾಗಿ ಕಂಡರೆ ಮುಂದೆ ಹೋಗಬೇಡಿ. ಮುಚ್ಚಿ ಹೊರಗೆ ಬನ್ನಿ. ಅಲ್ಲಿಯವರೆಗೆ ಏನೂ ಅಳಿಸಿರುವುದಿಲ್ಲ.

ಎರಡನೆಯದು ಕರೆಂಟು. 2022ರ ಕೊನೆಯಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಹಾಕುತ್ತಿದ್ದೆ. ಹಾರ್ಡ್ ಡಿಸ್ಕ್ ಇರುವ ಹಳೇ ಯಂತ್ರ, ಮೂರು ತಾಸಾದರೂ ಮುಗಿದಿರಲಿಲ್ಲ. ಎಪ್ಪತ್ತು ಪರ್ಸೆಂಟ್ ದಾಟಿದಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾಗಿತ್ತು, ಹತ್ತು ನಿಮಿಷವೂ ತಾಳಲಿಲ್ಲ. ಇಷ್ಟು ದಿನದ ಕೆಲಸ ಎಲ್ಲ ಹೋಯಿತು ಅಂದುಕೊಂಡೆ. ಕರೆಂಟು ಬಂದ ಮೇಲೆ ಆನ್ ಮಾಡಿದರೆ, ಹಳೆಯ ವಿಂಡೋಸನ್ನು ಮರಳಿ ತರುತ್ತಿದ್ದೇನೆ ಎನ್ನುವ ಅರ್ಥದ ಸಾಲು ಬಂತು. ಮುಕ್ಕಾಲು ಗಂಟೆಯಲ್ಲಿ ಹಳೇ ಡೆಸ್ಕ್‌ಟಾಪ್ ಬಂತು. ನುಡಿ ತೆರೆದು ಒಂದು ಸಾಲು ಟೈಪ್ ಮಾಡಿ ನೋಡಿದೆ, ಸರಿಯಾಗಿತ್ತು. ಆ ಕ್ಷಣದಿಂದ ಈ ವಿಧಾನದ ಮೇಲೆ ನಂಬಿಕೆ ಬಂತು. ಹಾಗಂತ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಂಬಿ ಕೂರಬೇಡಿ. ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಇಲ್ಲದೆ ನಾನು ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ಯುಪಿಎಸ್ ಬ್ಯಾಟರಿ ಮಾತ್ರ ಆ ವಾರವೇ ಬದಲಾಯಿಸಿದೆ. ಈಗ ಭಾನುವಾರ ಬೆಳಿಗ್ಗೆ ಶುರು ಮಾಡುತ್ತೇನೆ, ಅಂಗಡಿಗೆ ಗಿರಾಕಿ ಇರುವುದಿಲ್ಲ.

ಪ್ರಿಂಟರ್ ಒಂದು ಸಲ ಕೈಕೊಟ್ಟಿತು. ಹಳೆಯ ಲೇಸರ್ ಪ್ರಿಂಟರ್. ಡ್ರೈವರ್ ತೆಗೆದು ಮತ್ತೆ ಹಾಕಿದ ಮೇಲೆ ಸರಿಹೋಯಿತು.

2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕೆಲಸ ಬಂತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಬೇಕು, ಶುರುವಾಗುವಾಗ ನಂಬಿಕಸ್ತ ಸಾಫ್ಟ್‌ವೇರನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಮುಂದಿನ ಮೇಜಿನ ಯಂತ್ರ ಒಂಬತ್ತನೇ ತಲೆಮಾರಿನ ಐ3. ಆದರೂ ಅರ್ಹವಲ್ಲ ಅಂತ ತೋರಿಸಿತು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್‌ನಲ್ಲಿ, ಪಿಟಿಟಿ ಅನ್ನುವ ಆಯ್ಕೆ ಆಫ್ ಆಗಿತ್ತು. ಹೆಚ್ಚಿನ ಇಂಟೆಲ್ ಯಂತ್ರಗಳಲ್ಲಿ ಟಿಪಿಎಂ ಕೆಲಸ ಮಾಡುವುದು ಅದರಿಂದಲೇ. ಆನ್ ಮಾಡಿದ ಕೂಡಲೇ ಒಪ್ಪಿಕೊಂಡಿತು. ಎಷ್ಟೋ ಜನ ಇಷ್ಟಕ್ಕೇ ಹೊಸ ಕಂಪ್ಯೂಟರ್ ತರುವ ಯೋಚನೆ ಮಾಡಿರುತ್ತಾರೆ, ದಯವಿಟ್ಟು ಮೊದಲು ಇದನ್ನು ನೋಡಿ. ಆ ಯಂತ್ರದಲ್ಲಿ ವೇಗದ ಎಸ್‌ಎಸ್‌ಡಿ ಡಿಸ್ಕ್ ಇದೆ, ಐವತ್ತು ನಿಮಿಷದಲ್ಲಿ ವಿಂಡೋಸ್ 11 ಬಂತು. ಪ್ರಾಡಕ್ಟ್ ಕೀ ಕೇಳಲಿಲ್ಲ, ಲೈಸೆನ್ಸ್ ತಾನಾಗಿ ಮುಂದುವರಿಯಿತು. ಪೇಜ್‌ಮೇಕರ್ ತೆರೆದೆ, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ನಾಮಕರಣದ ಕಾರ್ಡು ಹಾಗೇ ಇತ್ತು, ಅಕ್ಷರ ಒಂದೂ ಕದಲಿರಲಿಲ್ಲ. ಎರಡನೆಯದು ಲ್ಯಾಪ್‌ಟಾಪ್, ಅದರಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್ ಆನ್ ಇತ್ತು. ಶುರು ಮಾಡುವ ಮೊದಲು ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೆ. ಬೇಕಾಗಲಿಲ್ಲ.

ಅಪ್‌ಗ್ರೇಡ್ ಆದ ಮೇಲೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ದೊಡ್ಡ ಫೋಲ್ಡರ್ ಉಳಿಯುತ್ತದೆ. ಜಾಗ ತಿನ್ನುತ್ತದೆ ಅಂತ ತಕ್ಷಣ ಅಳಿಸಬೇಡಿ. ಹೊಸದು ಹಿಡಿಸದಿದ್ದರೆ 10 ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗುವುದು ಅದರ ಮೂಲಕವೇ. ಹತ್ತು ದಿನ ನನ್ನಂಥವರಿಗೆ ಕಡಿಮೆ. ಕೆಲವು ಸಾಫ್ಟ್‌ವೇರ್ ತಿಂಗಳಿಗೊಮ್ಮೆ ಮಾತ್ರ ತೆರೆಯುತ್ತೇವೆ, ತೊಂದರೆ ಗೊತ್ತಾಗುವುದು ಆಗಲೇ. ಡಿಐಎಸ್‌ಎಂ ಅನ್ನುವ ಆಜ್ಞೆಯಿಂದ ಈ ಅವಧಿಯನ್ನು 60 ದಿನದವರೆಗೆ ಹೆಚ್ಚಿಸಬಹುದು. ಆದರೆ ಹತ್ತು ದಿನ ಕಳೆಯುವ ಮುಂಚೆಯೇ ಮಾಡಬೇಕು.

ಯಂತ್ರಕ್ಕೆ ವೈರಸ್ ಹೊಕ್ಕಿದ್ದರೆ ಈ ದಾರಿ ಬೇಡ, ಅದೂ ಜೊತೆಗೇ ಬರಬಹುದು. ಅಂಥ ಕಡೆ ಫಾರ್ಮ್ಯಾಟೇ ಸರಿ.

ನನ್ನ ಮೂರನೇ ಯಂತ್ರಕ್ಕೂ ಈ ದಾರಿ ಇಲ್ಲ. ಇದೇ 2017ರಲ್ಲಿ ಫಾರ್ಮ್ಯಾಟ್ ಆಗಿದ್ದ ಯಂತ್ರ. ಆಗ ರ್‍ಯಾಮ್ ಎರಡೇ ಜಿಬಿ ಇತ್ತು ಅಂತ 32 ಬಿಟ್ ವಿಂಡೋಸ್ ಹಾಕಿದ್ದರು. 32 ಬಿಟ್‌ನಿಂದ 64 ಬಿಟ್‌ಗೆ ಹೀಗೆ ಒಳಗಿನಿಂದ ಏರಲು ಆಗುವುದಿಲ್ಲ, ವಿಂಡೋಸ್ 11 ಇರುವುದೇ 64 ಬಿಟ್. ಪ್ರೊಸೆಸರ್ ಕೂಡ ಹಳೆಯದು. ಹಾಗಾಗಿ ವಿಂಡೋಸ್ 10ರ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ನೋಂದಾಯಿಸಿದ್ದೇನೆ, ಅದು 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ದಕ್ಕೆ ದುಡ್ಡು ಕೇಳಲಿಲ್ಲ.

ಅಷ್ಟರೊಳಗೆ ಅದರ ಜಾಗಕ್ಕೆ ಬೇರೆ ಯಂತ್ರ ಬರಬೇಕು. ಈ ಸಲ ಹೊಸದಾಗಿಯೇ ಹಾಕಬೇಕಾಗುತ್ತದೆ, ಅದಕ್ಕೆ ತಯಾರಿ ಈಗಲೇ ನಡೆದಿದೆ. ಫಾಂಟ್ ಫೋಲ್ಡರ್ ಪೂರ್ತಿ ಕಾಪಿ ಆಗಿದೆ. ಹೊಸ ವಿಂಡೋಸ್‌ನಲ್ಲಿ ಕನ್ನಡದ ತುಂಗಾ ಫಾಂಟ್ ಮೊದಲೇ ಇರುವುದಿಲ್ಲ, ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಬೇಕು ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೇನೆ. ಹಳೇ ಲಗ್ನಪತ್ರಿಕೆಗಳನ್ನು ನಮ್ಮ ಹುಡುಗಿ ದಿನಕ್ಕೆ ಹತ್ತರಂತೆ ಪಿಡಿಎಫ್ ಮಾಡುತ್ತಿದ್ದಾಳೆ. ಈಗ 2019ರದ್ದು ನಡೆಯುತ್ತಿದೆ.