ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟುವವರೇ, ಹೆಸರಿಲ್ಲದ ಸೋಲ್ಡರಿಂಗ್ ಪೇಸ್ಟ್ ಬಳಸಬೇಡಿ

ಡಾಟ್ ಬೋರ್ಡಿನ (ಬಿಡಿಭಾಗ ಬೆಸೆಯಲು ಸಾಲುಸಾಲು ತೂತುಗಳಿರುವ ಹಲಗೆ) ಮೇಲೆ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಲು ಹೊರಟಿರುವವರು, ಅದರಲ್ಲೂ ಮಲೆನಾಡಿನಲ್ಲಿ ಮನೆಯಿರುವವರು, ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ, ಚೀಟಿಯಿಲ್ಲದ ಡಬ್ಬಿಯಲ್ಲಿ ಮಾರುವ ಸೋಲ್ಡರಿಂಗ್ ಪೇಸ್ಟನ್ನು ದಯವಿಟ್ಟು ಮುಟ್ಟಬೇಡಿ. ಅದರಿಂದಾಗಿ ನಾನು ಬಹಳ ಇಷ್ಟಪಟ್ಟು ಕೊಂಡ ಹೆಡ್‌ಫೋನೊಂದನ್ನು ಕಳೆದುಕೊಂಡಿದ್ದೇನೆ.

ನಾನು ಕಟ್ಟಿದ್ದು ಚು ಮೊಯ್ ರೂಪಿಸಿದ, ಸಿಮೋಯ್ ಎಂದೇ ಪ್ರಸಿದ್ಧವಾದ ಸರಳ ಸರ್ಕ್ಯೂಟು. 9 ವೋಲ್ಟಿನ ಒಂದು ಬ್ಯಾಟರಿ, ಅದರ ವೋಲ್ಟೇಜನ್ನು ಸಮವಾಗಿ ಒಡೆದು ನಡುವೆ ಗ್ರೌಂಡ್ (ಸೊನ್ನೆ ವೋಲ್ಟಿನ ನೆಲೆ) ಒದಗಿಸುವ ಎರಡು ರೆಸಿಸ್ಟರು, ಎಂಟು ಕಾಲಿನ ಒಂದು ಆಪ್‌ಆಂಪ್ ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್) ಇದ್ದರೆ ಮುಕ್ಕಾಲು ಕೆಲಸ ಆದಂತೆ. ಬಿಡಿಭಾಗ ಕೊಂಡ ಶಿವಮೊಗ್ಗದ ಅಂಗಡಿಯವರು ಹಳದಿ ಪೇಸ್ಟಿನ ಡಬ್ಬಿಯನ್ನೂ ಕೊಟ್ಟು, “ಇದು ಎಲೆಕ್ಟ್ರಾನಿಕ್ಸ್‌ಗೇ ಇರೋದು ಸಾರ್, ತೊಳೆಯೋದೇ ಬೇಡ” ಎಂದು ಭರವಸೆಯಿತ್ತರು. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಜುಲೈ ತಿಂಗಳಲ್ಲಿ ಮಳೆ ಹಿಡಿದು, ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಟ್ಟೆ, ಪುಸ್ತಕಗಳೆಲ್ಲ ಥಂಡಿ ಹಿಡಿದಾಗ ಎಡ ಕಿವಿಯ ಧ್ವನಿ ಒಡೆಯತೊಡಗಿತು. ಕೊನೆಗೊಂದು ಸಂಜೆ ಪೂರ್ತಿ ನಿಂತೇಹೋಯಿತು.

ಬೋರ್ಡನ್ನು ಮಗುಚಿ ನೋಡಿದರೆ ಐಸಿಯ ಕಾಲುಗಳ ನಡುವೆ ಜಿಗುಟಾದ ತೇವ, ತಾಮ್ರದ ಅಂಚಿನಲ್ಲಿ ಹಸಿರು ಕಿಲುಬು. ಹಾಡು ನಿಲ್ಲಿಸಿ ಮೀಟರ್ ಹಿಡಿದಾಗಲೂ ಎಡ ಔಟ್‌ಪುಟ್ಟಿನಲ್ಲಿ ಸುಮಾರು 3 ವೋಲ್ಟ್ ಡಿಸಿ (ಒಂದೇ ದಿಕ್ಕಿನ ವಿದ್ಯುತ್ತು) ತೋರಿಸುತ್ತಿತ್ತು. ನನಗೆ ಸಿಕ್ಕಿದ್ದು ಬಹುಶಃ ಪೈಪು, ತಗಡುಗಳ ಬೆಸುಗೆಗೆ ಬಳಸುವ ಆಮ್ಲೀಯ ಪೇಸ್ಟು. ಅಂಥ ಪೇಸ್ಟುಗಳಲ್ಲಿ ಸಾಮಾನ್ಯವಾಗಿ ಸತುವಿನ ಕ್ಲೋರೈಡ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಐಸಿಯ ಮೂರನೆಯ ಕಾಲು ಎಡ ಚಾನೆಲ್ಲಿನ ಇನ್‌ಪುಟ್, ಕೇವಲ 2.54 ಮಿಲಿಮೀಟರ್ ಆಚೆಗಿರುವ ನಾಲ್ಕನೆಯದು ಬ್ಯಾಟರಿಯ ಮೈನಸ್, ಅಂದರೆ ಗ್ರೌಂಡಿಗಿಂತ 4.5 ವೋಲ್ಟ್ ಕೆಳಗೆ. ಇವೆರಡರ ನಡುವೆ 1 ಮೆಗಾಓಮ್‌ನಷ್ಟು ಸೋರಿಕೆಯಾದರೂ ಇನ್‌ಪುಟ್ಟಿನ 100 ಕಿಲೋಓಮ್ ರೆಸಿಸ್ಟರಿನ ಮೇಲೆ 0.4 ವೋಲ್ಟ್ ಬೀಳುತ್ತದೆ. ಗೇನ್, ಅಂದರೆ ಇನ್‌ಪುಟ್ಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 11 ಇರುವುದರಿಂದ ಔಟ್‌ಪುಟ್ ಮೈನಸ್ ಕಡೆಗೆ ಹೋಗಬಲ್ಲಷ್ಟೂ ಹೋಗಿ ಅಲ್ಲೇ ನಿಂತುಬಿಡುತ್ತದೆ. ಹಾಗೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು, ಹೆಡ್‌ಫೋನಿನೊಳಗಿನ, ಕೂದಲಿನಷ್ಟು ಸಣ್ಣ ತಂತಿಯ ಕಾಯಿಲನ್ನು ಬಿಡದೆ ಬಿಸಿ ಮಾಡುತ್ತದೆ. ಬಲ ಚಾನೆಲ್ಲಿನ ಇನ್‌ಪುಟ್ ಐಸಿಯ ಇನ್ನೊಂದು ಬದಿಯಲ್ಲಿದ್ದುದರಿಂದ ಆ ಕಿವಿ ಉಳಿಯಿತು.

ರೋಸಿನ್ ಎಂಬ ಮರದ ರಾಳ ತುಂಬಿದ ಸೋಲ್ಡರ್ ತಂತಿಯೊಂದೇ ಈ ಕೆಲಸಕ್ಕೆ ಸಾಕು, ಬೇರೆ ಪೇಸ್ಟ್ ಬೇಕಾಗಿಲ್ಲ. ಕಂದು ಬಣ್ಣದ ಅಗ್ಗದ ಬೋರ್ಡು ತೇವ ಹೀರುವುದರಿಂದ, ದುಡ್ಡು ಹೆಚ್ಚಾದರೂ ಗ್ಲಾಸ್ ಎಪಾಕ್ಸಿ ಬೋರ್ಡನ್ನೇ ಕೊಳ್ಳಿ. ಹೆಡ್‌ಫೋನ್ ಚುಚ್ಚುವ ಮೊದಲು ಎರಡೂ ಔಟ್‌ಪುಟ್ಟುಗಳ ಡಿಸಿ ಅಳೆಯಿರಿ, 20 ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಚುಚ್ಚಲೇಬೇಡಿ. ಮಳೆಗಾಲದಲ್ಲಿ ಇದನ್ನು ಆಗಾಗ ಮಾಡುತ್ತಿರಬೇಕು. ಔಟ್‌ಪುಟ್ಟಿಗೆ 470 ಮೈಕ್ರೋಫ್ಯಾರಡಿನ ನಾನ್‌ಪೋಲಾರ್ (ಪ್ಲಸ್, ಮೈನಸ್ ಭೇದವಿಲ್ಲದ) ಕೆಪಾಸಿಟರ್ ಹಾಕಿದರೆ ಡಿಸಿ ಹೆಡ್‌ಫೋನನ್ನು ತಲುಪುವುದೇ ಇಲ್ಲ. 32 ಓಮ್‌ನ ಹೆಡ್‌ಫೋನಿಗೆ ಅದು ಕಡಿತಗೊಳಿಸುವುದು ಸುಮಾರು 10 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ.

ಈಗಾಗಲೇ ಅಂತಹ ಪೇಸ್ಟ್ ಬಳಸಿ ಕಟ್ಟಿದ್ದರೆ ಐಸಿ, ಕೆಪಾಸಿಟರುಗಳನ್ನು ಬಿಚ್ಚಿ ಹೊಸ ಬೋರ್ಡಿಗೆ ಹಾಕುವುದೇ ಲೇಸು, ಏಕೆಂದರೆ ಐಸಿ ಸಾಕೆಟ್ಟಿನ ಅಡಿಗೆ ಸೇರಿದ ಪೇಸ್ಟಿಗೆ ಬ್ರಷ್ ತಲುಪುವುದಿಲ್ಲ.